ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

2020ರ ಮಾರ್ಚ್ ಕೊನೆಯಲ್ಲಿ ಊರಿಗೆ ಊರೇ ಬಾಗಿಲು ಮುಚ್ಚಿಕೊಂಡಾಗ ಕಚೇರಿಗಳು, ಶಾಲೆಗಳು, ಸಂಶೋಧನಾಲಯಗಳು ಪರದೆಯ ಮೇಲೆ ಸಭೆ ನಡೆಸುವುದನ್ನು ತರಾತುರಿಯಲ್ಲಿ ಕಲಿತವು. ಅಷ್ಟು ಹೊತ್ತಿಗೆ ಆ ವಿದ್ಯೆಯಲ್ಲಿ ವರ್ಷಗಟ್ಟಲೆ ಪಳಗಿದ್ದ ಒಂದು ಬಳಗವಿತ್ತು. ಡಿಮೆನ್ಷಿಯಾ ಅಲಯನ್ಸ್ ಇಂಟರ್‌ನ್ಯಾಷನಲ್ ಎಂಬ ಆ ಸಂಸ್ಥೆ ಹುಟ್ಟಿದ್ದು 2014ರಲ್ಲಿ. ಡಿಮೆನ್ಷಿಯಾ, ಅಂದರೆ ನಮ್ಮ ಮಾತಿನಲ್ಲಿ ಮರೆವಿನ ಕಾಯಿಲೆ, ಇದೆಯೆಂದು ವೈದ್ಯರು ಹೇಳಿದವರಿಗೆ ಮಾತ್ರ ಅದರಲ್ಲಿ ಸದಸ್ಯತ್ವ. ಬೇರೆ ಬೇರೆ ದೇಶಗಳಲ್ಲಿ ಚದುರಿದ್ದ ಸದಸ್ಯರು ಆರಂಭದ ವರ್ಷಗಳಿಂದಲೇ ವಿಡಿಯೊ ಕರೆಯಲ್ಲಿ ಸೇರಿ ಕಷ್ಟಸುಖ ಹಂಚಿಕೊಳ್ಳುತ್ತಿದ್ದರು. ನಾವೆಲ್ಲ ಮ್ಯೂಟ್ ತೆಗೆಯುವ ಗುಂಡಿ ಹುಡುಕುತ್ತಿದ್ದ ದಿನಗಳಲ್ಲಿ, ಮರೆವಿನವರೆಂದು ನಾವು ಬದಿಗಿಟ್ಟಿದ್ದ ಈ ಜನ ಅದನ್ನು ಆಗಲೇ ಬಲ್ಲವರಾಗಿದ್ದರು.

ಆ ವರ್ಷ ಬಿರುಸು ಪಡೆದ ಒಂದು ಪ್ರಯತ್ನದ ಲೆಕ್ಕ ನೋಡುವ ಹೊತ್ತು ಈಗ ಬಂದಿದೆ. ಒಂದು ವಸ್ತುವನ್ನು, ಸೇವೆಯನ್ನು, ಮೊಬೈಲ್ ಆ್ಯಪನ್ನು ರೂಪಿಸುವಾಗ ಅದನ್ನು ಬಳಸುವವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ರೂಪಿಸುವುದಕ್ಕೆ ಸಹವಿನ್ಯಾಸ ಎನ್ನುತ್ತಾರೆ. ಮರೆವಿನ ಕಾಯಿಲೆ ಇರುವವರೊಡನೆ, ಅದೂ ದೂರದಿಂದ, ಫೋನಿನಲ್ಲಿ, ಪರದೆಯಲ್ಲಿ, ಅಂಚೆಯಲ್ಲಿ ಅಂಥ ಕೆಲಸ ಸಾಧ್ಯವೇ ಎಂಬುದು ಪ್ರಶ್ನೆಯಾಗಿತ್ತು. ಸಾಧ್ಯ ಎಂಬುದು ಈಗ ಖಚಿತವಾಗಿದೆ. ಯಾರಿಗೆ ಸಾಧ್ಯವಾಯಿತು, ಯಾರು ಹೊರಗುಳಿದರು, ಅವರ ಮಾತಿಗೆ ಎಷ್ಟು ಬೆಲೆ ಬಂತು ಎಂಬುದನ್ನು ಮಾತ್ರ ನಾವಿನ್ನೂ ನೇರವಾಗಿ ಎದುರಿಸಿಲ್ಲ.

ಹಿಂದೆ ನಡೆದ ದಾರಿಯನ್ನೊಮ್ಮೆ ನೋಡೋಣ. ಸಹವಿನ್ಯಾಸದ ಬೇರು ಇರುವುದು 1970ರ ದಶಕದ ಸ್ಕ್ಯಾಂಡಿನೇವಿಯಾದಲ್ಲಿ. ಕಾರ್ಖಾನೆಗಳಿಗೆ ಕಂಪ್ಯೂಟರ್ ಕಾಲಿಡುತ್ತಿದ್ದಾಗ ನಾರ್ವೆಯ ವಿಜ್ಞಾನಿ ಕ್ರಿಸ್ಟೆನ್ ನೈಗಾರ್ಡ್ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದ ಜೊತೆ ಕುಳಿತರು. ಯಂತ್ರದ ಜೊತೆ ದಿನವಿಡೀ ಬದುಕುವವನಿಗೆ ಅದು ಹೇಗಿರಬೇಕೆಂದು ಹೇಳುವ ಹಕ್ಕಿದೆ ಎಂಬುದು ಆ ಕೆಲಸದ ತಿರುಳು. ಆ ಹಕ್ಕು ಮರೆವಿನ ಕಾಯಿಲೆಯವರನ್ನು ತಲುಪಲು ಮೂರು ದಶಕ ಬೇಕಾಯಿತು. ಅವರಿಗೆ ಅಭಿಪ್ರಾಯವೇ ಇರುವುದಿಲ್ಲವೆಂದು ವೈದ್ಯರು, ಮನೆಯವರು, ವಿನ್ಯಾಸಕಾರರು ಎಲ್ಲರೂ ನಂಬಿದ್ದರು. 1997ರಲ್ಲಿ ಬ್ರಿಟನ್ನಿನ ಟಾಮ್ ಕಿಟ್‌ವುಡ್ ತಮ್ಮ ‘ಡಿಮೆನ್ಷಿಯಾ ರೀಕನ್ಸಿಡರ್ಡ್’ ಪುಸ್ತಕದಲ್ಲಿ ಈ ನಂಬಿಕೆಯನ್ನೇ ಪ್ರಶ್ನಿಸಿದರು. ಮಿದುಳಿನ ಹಾನಿಯ ಜೊತೆಗೆ, ಸುತ್ತಲಿನವರು ನಡೆಸಿಕೊಳ್ಳುವ ರೀತಿಯೂ ಮನುಷ್ಯನನ್ನು ಕುಗ್ಗಿಸುತ್ತದೆ ಎಂದು ಅವರು ತೋರಿಸಿದರು.

ಆದರೆ ಬಾಗಿಲು ತಳ್ಳಿದವರು ಕಾಯಿಲೆ ಇದ್ದವರೇ. ಆಸ್ಟ್ರೇಲಿಯಾ ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ಕ್ರಿಸ್ಟೀನ್ ಬ್ರೈಡನ್ ಅವರಿಗೆ 1995ರಲ್ಲಿ, 46ನೇ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಯಿತು. ಅವರು ಪುಸ್ತಕ ಬರೆದರು, ವೇದಿಕೆ ಹತ್ತಿದರು, 2003ರಲ್ಲಿ ಅಲ್ಝೈಮರ್ಸ್ ಡಿಸೀಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ಆಡಳಿತ ಮಂಡಳಿಗೆ ಆಯ್ಕೆಯಾದರು. ಮರೆವಿನ ಕಾಯಿಲೆ ಇರುವವರೊಬ್ಬರು ಆ ಮಂಡಳಿಯಲ್ಲಿ ಕೂತದ್ದು ಅದೇ ಮೊದಲು. ಸ್ಕಾಟ್ಲೆಂಡಿನಲ್ಲಿ ಜೇಮ್ಸ್ ಮೆಕಿಲಪ್ 2002ರಲ್ಲಿ ಇತರರೊಡನೆ ಸೇರಿ ಸ್ಕಾಟಿಷ್ ಡಿಮೆನ್ಷಿಯಾ ವರ್ಕಿಂಗ್ ಗ್ರೂಪ್ ಕಟ್ಟಿದರು. 2012ರಲ್ಲಿ ಯುರೋಪಿನ ಮಟ್ಟದಲ್ಲಿ ಅಂಥದೇ ತಂಡ ಹುಟ್ಟಿತು. ಈ ತಂಡಗಳಿಗೆಲ್ಲ ಮೊದಲೇ, 2000ದಲ್ಲಿ, ಡಾಸ್ನಿ ಎಂಬ ಬಳಗ ಇಮೇಲ್ ಮತ್ತು ಚಾಟ್ ಮೂಲಕವೇ ರೂಪುಗೊಂಡಿತ್ತು. ಇದನ್ನು ಒತ್ತಿ ಹೇಳಬೇಕು. ಕಾಯಿಲೆ ಇದ್ದವರ ಚಳವಳಿಯ ಒಂದು ತೊಟ್ಟಿಲು ಅಂತರ್ಜಾಲವೇ. ರೈಲು, ವಿಮಾನ, ಅಪರಿಚಿತ ಊರು, ಗದ್ದಲದ ಸಭಾಂಗಣ ಇವೆಲ್ಲ ಕಷ್ಟವಾದವರಿಗೆ ದೂರದಿಂದ ಮಾತಾಡುವುದೇ ಹತ್ತಿರದ ದಾರಿಯಾಗಿತ್ತು.

ಡಿಮೆನ್ಷಿಯಾ ಅಲಯನ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೇಟ್ ಸ್ವಾಫರ್‌ಗೆ 50 ತುಂಬುವ ಮೊದಲೇ ಕಾಯಿಲೆ ಪತ್ತೆಯಾಗಿತ್ತು. ಕೆಲಸ ಬಿಡಿ, ಓದು ಬಿಡಿ, ಉಳಿದ ದಿನಗಳನ್ನು ಹೇಗೋ ಕಳೆಯಿರಿ ಎಂಬ ಸಲಹೆ ಬಂದಾಗ ಅವರು ಅದಕ್ಕೊಂದು ಹೆಸರಿಟ್ಟರು. ಮದ್ದು ಬರೆದುಕೊಡುವ ಚೀಟಿಯಲ್ಲೇ ಬದುಕಿನಿಂದ ಹಿಂದೆ ಸರಿಯುವುದನ್ನೂ ಬರೆದುಕೊಡುತ್ತಾರೆ ಎಂಬುದು ಆ ಹೆಸರಿನ ಅರ್ಥ. ನಮ್ಮಲ್ಲಿ ಅದನ್ನು ಚೀಟಿಯಲ್ಲಿ ಬರೆಯಬೇಕಾಗಿಲ್ಲ. ‘ಅರವತ್ತಕ್ಕೆ ಅರಳು ಮರಳು’ ಎಂಬ ಒಂದೇ ಮಾತಿನಿಂದ ಹಿರಿಯರ ಬಾಯಿ ಮುಚ್ಚಿಸಿಬಿಡುತ್ತೇವೆ.

ವಿನ್ಯಾಸಕಾರರು ಕಿವಿಗೊಟ್ಟಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಕೈಟ್ ಯೋಜನೆ ಒಳ್ಳೆಯ ನಿದರ್ಶನ. ಅದರ ವರದಿ ಪ್ರಕಟವಾದದ್ದು 2009ರಲ್ಲಿ. ಮರೆವಿನವರು ಹೊರಗೆ ಹೋಗಿ ದಾರಿ ತಪ್ಪುವುದು ಎಲ್ಲ ಮನೆಗಳ ಭಯ. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅವರ ವೆಂಕೋಬ ರಾವ್ ಕಳೆದುಹೋದಾಗ ಕನ್ನಡದ ಪ್ರೇಕ್ಷಕರೂ ಆ ಭಯವನ್ನು ಉಂಡಿದ್ದಾರೆ. ಚಿತ್ರದ ಹೆಸರೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಒಂದು ಸಾಲು. ಹೀಗೆ ಭಯದಿಂದ ಹೊರಟ ವಿನ್ಯಾಸ ಸಹಜವಾಗಿಯೇ ಜಾಡು ಹಿಡಿಯುವ ಯಂತ್ರದಲ್ಲಿ ಮುಗಿಯುತ್ತದೆ. ಮನೆಯವರ ಫೋನಿನಲ್ಲಿ ಒಂದು ಚುಕ್ಕೆ ಮೂಡುತ್ತದೆ, ಅಪ್ಪ ಎಲ್ಲಿದ್ದಾರೆಂದು ತಿಳಿಯುತ್ತದೆ. ಕೈಟ್ ತಂಡ ಕಾಯಿಲೆ ಇದ್ದವರನ್ನೂ ಮನೆಯವರನ್ನೂ ಕೂರಿಸಿಕೊಂಡು ಕೇಳಿತು. ತಾವಾಗಿಯೇ ಹೊರಗೆ ಹೋಗಿಬರುವ ಧೈರ್ಯ ಬೇಕು, ಬೇಕೆನಿಸಿದಾಗ ಮನೆಯವರೊಡನೆ ಮಾತಾಡುವಂತಿರಬೇಕು ಎಂಬುದು ಮಾತುಕತೆಯಿಂದ ಹೊರಬಂತು. ಕೊನೆಗೆ ಸಿದ್ಧವಾದ ಮಾದರಿಗಳು ಎರಡು: ತೋಳಿಗೆ ಕಟ್ಟುವ ಪಟ್ಟಿ ಮತ್ತು ನೋಟ್‌ಬುಕ್ಕಿನಂಥ ಒಂದು ಸಾಧನ. ಭಯ ಒಂದೇ ಆಗಿದ್ದರೂ ಅದಕ್ಕೆ ಪರಿಹಾರ ಹೇಗಿರಬೇಕೆಂಬುದು ಯಾರನ್ನು ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ.

ಇಷ್ಟು ಬುನಾದಿಯ ಮೇಲೆ 2020 ಬಂತು. ವಿನ್ಯಾಸ ಕಮ್ಮಟಗಳೆಲ್ಲ ಪರದೆಗೆ ಏರಿದವು. ಆಗ ಕಲಿತ ಪಾಠಗಳು ಚಿಕ್ಕವು, ಆದರೆ ಒಂದೊಂದೂ ಯಾರದೋ ಪರದಾಟದಿಂದ ಕಲಿತದ್ದು. ಹತ್ತು ಹನ್ನೆರಡು ಮುಖಗಳು ಒಟ್ಟಿಗೆ ಅಲುಗಾಡುವ ಪರದೆ ದಣಿಸುತ್ತದೆ, ಮೂರು ನಾಲ್ಕು ಜನರಾದರೆ ಸಾಕು. ಮುಖದ ಹಿಂದೆ ಕೃತಕ ಕಡಲತೀರ, ಹೂವಿನ ಚಿತ್ತಾರ ಬೇಡ, ಅದರಲ್ಲಿ ಮನುಷ್ಯನೇ ಕರಗಿಹೋಗುತ್ತಾನೆ. ಮೂಲೆಯಲ್ಲಿ ಕಾಣುವ ತನ್ನದೇ ಮುಖ ಯಾರದೆಂದು ಕೆಲವರು ಗಲಿಬಿಲಿಗೊಳ್ಳುತ್ತಾರೆ, ಅದನ್ನು ಮರೆಮಾಡಬಹುದು. ಒಬ್ಬರ ಮಾತು ಮುಗಿಯುವ ತನಕ ಇನ್ನೊಬ್ಬರು ಬಾಯಿ ಹಾಕಬಾರದು. ಮಾತಾಡಬೇಕೆನಿಸಿದವರು ಎತ್ತಿ ಹಿಡಿಯಲು ಬಣ್ಣದ ಕಾರ್ಡು ಇದ್ದರೆ ಒಳ್ಳೆಯದು. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅದೇ ಲಿಂಕ್ ಇರಬೇಕು, ಸಭೆಗೆ ಸ್ವಲ್ಪ ಮೊದಲು ಒಂದು ಫೋನ್ ಮಾಡಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ಅಂಚೆಯದು. ಸಭೆಗೆ ಮುಂಚಿತವಾಗಿ ಮನೆಗೆ ಒಂದು ಲಕೋಟೆ ಬರುತ್ತದೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿದ ಒಂದೇ ಪುಟದ ವಿವರ, ಕೈಯಲ್ಲಿ ಹಿಡಿದು ನೋಡುವ ಚಿತ್ರಗಳು, ಬಟ್ಟೆಯ ತುಂಡುಗಳು, ದಪ್ಪನೆಯ ಪೆನ್ನು, ವಾಪಸು ಕಳಿಸಲು ಸ್ಟ್ಯಾಂಪ್ ಹಚ್ಚಿದ ಕವರು. ಪರದೆ ಹಂಚಿಕೊಂಡ ಕ್ಷಣ ಎದುರಿನ ಮುಖ ಮಾಯವಾಗಿ ಒಂದು ನಕ್ಷೆ ಬಂದು ಕೂತರೆ ಮಾತಿನ ಎಳೆ ತಪ್ಪುತ್ತದೆ. ಅದೇ ನಕ್ಷೆ ಮೇಜಿನ ಮೇಲೆ ಕಾಗದದಲ್ಲಿದ್ದರೆ, ಎದುರಿನ ಮುಖವೂ ಇರುತ್ತದೆ, ಬೆರಳಿಟ್ಟು ತೋರಿಸಲೂ ಬರುತ್ತದೆ. ದೂರದ ಕೆಲಸ ಚೆನ್ನಾಗಿ ನಡೆದಲ್ಲೆಲ್ಲ ಅದನ್ನು ಹೊತ್ತು ನಿಲ್ಲಿಸಿದ್ದು ಕಾಗದ, ಫೋನು, ಪಕ್ಕದಲ್ಲಿ ಕೂತ ಒಬ್ಬ ಮನುಷ್ಯ.

ಮರೆವಿನ ಕಾಯಿಲೆ ಎಂದರೆ ಒಂದೇ ಬಗೆಯದಲ್ಲ ಎಂಬುದೂ ಈ ಕೆಲಸ ಮಾಡಿದವರಿಗೆ ಸ್ಪಷ್ಟವಾಯಿತು. ಇಬ್ಬರು ಬ್ರಿಟಿಷ್ ಬರಹಗಾರರನ್ನು ನೋಡಿ. ಕಾದಂಬರಿಕಾರ ಟೆರಿ ಪ್ರಾಚೆಟ್ ತಮಗೆ ಅಲ್ಝೈಮರ್ ಇದೆಯೆಂದು 2007ರ ಡಿಸೆಂಬರಿನಲ್ಲಿ ಲೋಕಕ್ಕೆ ತಿಳಿಸಿದರು. ಅವರಿಗೆ ಬಂದದ್ದು ಮಿದುಳಿನ ಹಿಂಭಾಗವನ್ನು ಕಾಡುವ ಬಗೆ. ಕಣ್ಣು ಚೆನ್ನಾಗಿದ್ದರೂ ಕಂಡದ್ದನ್ನು ಹೊಂದಿಸಿಕೊಳ್ಳಲಾಗದೆ ಟೈಪ್ ಮಾಡುವುದು ಅಸಾಧ್ಯವಾಯಿತು, ಮಾತು ಮಾತ್ರ ಉಳಿಯಿತು. ಕೊನೆಯ ಪುಸ್ತಕಗಳನ್ನು ಅವರು ಬಾಯಲ್ಲಿ ಹೇಳಿ ಬರೆಸಿದರು. ಯಾರ್ಕ್‌ಶೈರಿನ ವೆಂಡಿ ಮಿಚೆಲ್ ಅವರಿಗೆ 2014ರಲ್ಲಿ, 58ರ ವಯಸ್ಸಿನಲ್ಲಿ ಕಾಯಿಲೆ ಪತ್ತೆಯಾಯಿತು. ಅವರಲ್ಲಿ ಇದು ತಿರುಗುಮುರುಗಾಗಿತ್ತು. ಮಾತಾಡುವಾಗ ಪದ ನಾಲಿಗೆ ತುದಿಯಲ್ಲೇ ನಿಲ್ಲುತ್ತಿತ್ತು, ಬೆರಳು ಕೀಲಿಮಣೆಯ ಮೇಲೆ ಇಟ್ಟರೆ ಸರಾಗವಾಗಿ ಹರಿಯುತ್ತಿತ್ತು. ಒಂಟಿಯಾಗಿ ಬದುಕುತ್ತ, ಐಪ್ಯಾಡಿನ ಎಚ್ಚರಿಕೆ ಗಂಟೆಗಳ ನೆರವಿನಿಂದ ದಿನ ನಡೆಸುತ್ತ, 2024ರಲ್ಲಿ ತೀರಿಕೊಳ್ಳುವ ಮೊದಲು ಅವರು ಹಲವು ಪುಸ್ತಕಗಳನ್ನು ಹೊರತಂದರು. ಮಾತಿನಲ್ಲಿ ಮಾತ್ರ ನಡೆಯುವ ಸಭೆಗೆ ಈ ಇಬ್ಬರನ್ನೂ ಕರೆದಿದ್ದರೆ ಒಬ್ಬರು ಜಾಣರಾಗಿಯೂ ಇನ್ನೊಬ್ಬರು ಅಸಮರ್ಥರಾಗಿಯೂ ಕಾಣುತ್ತಿದ್ದರು. ಬರೆದು ತಿಳಿಸಿ ಎಂದಿದ್ದರೆ ಅದು ಅದಲುಬದಲಾಗುತ್ತಿತ್ತು.

ಈಗ ಜಮೆಯ ಬದಿ ನೋಡೋಣ. ಪ್ರಯಾಣದ ಗೋಳು ತಪ್ಪಿತು. ನೂರಾರು ಮೈಲು ದೂರದವರು, ಗಾಲಿಕುರ್ಚಿಯಲ್ಲಿರುವವರು, ಬೆಳಗ್ಗೆ ಮಾತ್ರ ಚುರುಕಾಗಿರುವವರು ಒಳಬಂದರು. ಅವರವರ ಮನೆಯಲ್ಲೇ, ಅವರವರ ಕುರ್ಚಿಯಲ್ಲೇ ಕೂತದ್ದರಿಂದ ಅಳುಕು ಕಡಿಮೆಯಾಯಿತು. ಗ್ಯಾಸಿನ ಒಲೆಯ ಬಗ್ಗೆ ಮಾತು ಬಂದರೆ ಎದ್ದು ಹೋಗಿ ಒಲೆಯನ್ನೇ ತೋರಿಸಬಹುದು. ಪ್ರಯೋಗಾಲಯದಲ್ಲಿ ಎಷ್ಟು ಕೇಳಿದರೂ ಸಿಗದ ಉತ್ತರ ಅಡುಗೆಮನೆಯ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ.

ಖರ್ಚಿನ ಬದಿಯೂ ಕಡಿಮೆಯದಲ್ಲ. ಪರದೆಯ ಮೇಲೆ ಕೈ ಹಿಡಿಯಲಾಗುವುದಿಲ್ಲ. ಸಭೆಗೆ ಮೊದಲು ಚಹಾ ಕುಡಿಯುತ್ತ ಆಡುವ ನಾಲ್ಕು ಮಾತಿನಲ್ಲಿ ಹುಟ್ಟುವ ವಿಶ್ವಾಸ ಲಿಂಕ್ ಒತ್ತಿದ ಕೂಡಲೇ ಹುಟ್ಟುವುದಿಲ್ಲ. ಕಾಯಿಲೆ ಮುಂದುವರಿದವರು, ಮಾತು ಪೂರ್ತಿ ನಿಂತು ಸ್ಪರ್ಶ, ಹಾಡು, ನೋಟಗಳಲ್ಲಿ ಮಾತ್ರ ಹೇಳಬಲ್ಲವರು ದೂರದ ಕೆಲಸದಿಂದ ಬಹುಮಟ್ಟಿಗೆ ಹೊರಗೇ ಉಳಿದರು. ಒಳಗೆ ಬಂದವರಲ್ಲಿ ಕಾಯಿಲೆಯ ಮೊದಲ ಹಂತದವರು, ಓದಿದವರು, ಇಂಗ್ಲಿಷ್ ಬಲ್ಲವರು, ಸ್ವಂತ ಕಂಪ್ಯೂಟರ್ ಇದ್ದವರೇ ಹೆಚ್ಚು. ಅವರ ಅನುಭವವನ್ನೇ ಎಲ್ಲರ ಅನುಭವವೆಂದು ಬರೆದುಕೊಂಡರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ತೊಡಕು ಮನೆಯೊಳಗಿನದು. ಫೋನ್ ಮಗನದು, ಹಿಡಿದಿರುವ ಕೈ ಸೊಸೆಯದು, ಪ್ರಶ್ನೆ ಕೇಳಿದ್ದು ಅಮ್ಮನನ್ನು. ಅಮ್ಮ ಪದ ಹುಡುಕುತ್ತಿರುವಾಗ ‘ಅವರಿಗೆ ಅದೆಲ್ಲ ತಿಳಿಯೋಲ್ಲ, ನಾನು ಹೇಳ್ತೀನಿ’ ಎಂಬ ಮಾತು ಪಕ್ಕದಿಂದ ಬಂದೇಬಿಡುತ್ತದೆ. ಅದರಲ್ಲಿ ಕೆಟ್ಟ ಉದ್ದೇಶವಿಲ್ಲ, ಪ್ರೀತಿಯೂ ದಣಿವೂ ಇದೆ. ಹಗಲಿರುಳು ನೋಡಿಕೊಳ್ಳುವವರಿಗೆ ಅವರದೇ ಅನುಭವ, ಅವರದೇ ಬೇಡಿಕೆ ಇರುತ್ತದೆ, ಅದನ್ನೂ ಕೇಳಬೇಕು, ಬೇರೆಯಾಗಿ ಕೇಳಬೇಕು. ಅಮ್ಮನ ಉತ್ತರದ ಜಾಗದಲ್ಲಿ ಅದನ್ನು ಬರೆದುಕೊಳ್ಳಬಾರದು. ಎದುರಿಗಿದ್ದಾಗ ವಿನ್ಯಾಸಕಾರ ಕುರ್ಚಿಯನ್ನು ಅಮ್ಮನ ಕಡೆ ತಿರುಗಿಸಿಕೊಳ್ಳಬಹುದಿತ್ತು. ದೂರದಲ್ಲಿ ಕೂತಾಗ ಅದೂ ಆಗುವುದಿಲ್ಲ. ಉಳಿಯುವ ಉಪಾಯವೆಂದರೆ ಸುಮ್ಮನೆ ಕಾಯುವುದು. ಅಂತರ್ಜಾಲದಲ್ಲಿ ಅರ್ಧ ನಿಮಿಷದ ಮೌನ ಬಂದರೆ ಸಂಪರ್ಕ ಕಡಿದುಹೋಯಿತೆಂದು ಎಲ್ಲರೂ ಗಾಬರಿಯಾಗುತ್ತಾರೆ. ಆ ಅರ್ಧ ನಿಮಿಷ ತಾಳಿದವರಿಗೆ ಉತ್ತರ ಸಿಕ್ಕಿದೆ.

ಒಪ್ಪಿಗೆಯ ವಿಷಯದಲ್ಲೂ ತಾಳ್ಮೆ ಬೇಕು. ಒಂದು ಕಾಗದಕ್ಕೆ ಒಮ್ಮೆ ಸಹಿ ಹಾಕಿಸಿಕೊಂಡರೆ ಮುಗಿಯಿತು ಎಂಬ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನ ಸಂಶೋಧಕಿ ಜ್ಯಾನ್ ಡ್ಯೂಯಿಂಗ್ 2007ರಲ್ಲಿ ವಿವರಿಸಿದ ವಿಧಾನದಲ್ಲಿ ಒಪ್ಪಿಗೆಯನ್ನು ಪ್ರತಿ ಸಲ, ಪ್ರತಿ ಹಂತದಲ್ಲಿ ಹೊಸದಾಗಿ ಕೇಳಬೇಕು. ಮುಖ ಬಾಡಿದೆಯೇ, ಕುರ್ಚಿಯಲ್ಲಿ ಚಡಪಡಿಕೆ ಇದೆಯೇ, ನೋಟ ಬಾಗಿಲ ಕಡೆ ಹೋಗುತ್ತಿದೆಯೇ ಎಂಬುದೂ ಉತ್ತರವೇ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಸಂದರ್ಭದಲ್ಲಿ ಇಂಥದೇ ಗೌರವವನ್ನು ಎತ್ತಿಹಿಡಿದಿದೆ. ಒಬ್ಬರ ನಿರ್ಧಾರ ಇತರರ ಕಣ್ಣಿಗೆ ತಪ್ಪೆಂದು ಕಂಡ ಮಾತ್ರಕ್ಕೆ ಅವರಿಗೆ ನಿರ್ಧರಿಸುವ ಶಕ್ತಿಯೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ ಎನ್ನುತ್ತದೆ ಅದು. ಆಸ್ಪತ್ರೆಗೆ ಸಲ್ಲುವ ಈ ನ್ಯಾಯ ವಿನ್ಯಾಸದ ಮೇಜಿಗೂ ಸಲ್ಲಬೇಕು.

ಕರ್ನಾಟಕಕ್ಕೆ ಈ ಲೆಕ್ಕ ಹೊರಗಿನದಲ್ಲ. ಜಗತ್ತಿನಲ್ಲಿ 2021ರ ಹೊತ್ತಿಗೆ 5.7 ಕೋಟಿ ಜನರಿಗೆ ಈ ಕಾಯಿಲೆ ಇತ್ತು, ಅವರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ಹಳ್ಳಿಗಳಲ್ಲಿ, ಹೆಂಗಸರಲ್ಲಿ, ಓದು ಕಡಿಮೆ ಇರುವವರಲ್ಲಿ ಪ್ರಮಾಣ ಹೆಚ್ಚು. ದೂರದ ವಿನ್ಯಾಸದ ಮೇಜಿನಲ್ಲಿ ಜಾಗವಿಲ್ಲದವರು ಇವರೇ. 1998ರಲ್ಲಿ ಕೊಚ್ಚಿಯಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಸಂಶೋಧಕರ ಬಳಗವೊಂದು ತನಗೆ ‘10/66’ ಎಂದು ಹೆಸರಿಟ್ಟುಕೊಂಡಿತು. ನೂರರಲ್ಲಿ 66 ರೋಗಿಗಳಿರುವ ದೇಶಗಳಿಗೆ ಸಂಶೋಧನೆಯಲ್ಲಿ ಹತ್ತರ ಪಾಲೂ ಸಿಗುತ್ತಿಲ್ಲ ಎಂಬುದು ಆ ಅಂಕಿಗಳ ಅರ್ಥ. ವಿನ್ಯಾಸದ ಮಟ್ಟಿಗೆ ಆ ಹೆಸರು ಇಂದಿಗೂ ಹಳತಾಗಿಲ್ಲ.

ನಮ್ಮಲ್ಲಿ ಆಗಿರುವ ಕೆಲಸ ಸಣ್ಣದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸ್ಮರಣೆ, ಗಮನ, ಭಾಷೆಗಳನ್ನು ಅಳೆಯುವ ಪರೀಕ್ಷೆಗಳನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂಗಳಲ್ಲಿ ಸಿದ್ಧಪಡಿಸಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ 2018ರಿಂದ ದೀರ್ಘಾವಧಿ ಅಧ್ಯಯನ ನಡೆಸುತ್ತಿದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಜಿಲ್ಲಾ ಮಟ್ಟದಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯುತ್ತಿದೆ. ನೋಡಿಕೊಳ್ಳುವವರಿಗಾಗಿ ಇರುವ ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಎಂಬ ಆನ್‌ಲೈನ್ ತರಬೇತಿಯನ್ನು ನಿಮ್ಹಾನ್ಸ್ ತಜ್ಞರು ಭಾರತಕ್ಕೆ ಒಗ್ಗಿಸಿ ಪರೀಕ್ಷಿಸಿದರು. ಸೇರಿದವರಲ್ಲಿ ದೊಡ್ಡ ಪಾಲು ಕೊನೆಯವರೆಗೆ ಉಳಿಯಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ವರದಿ ಮಾಡಿದ್ದರಿಂದ ಅದೂ ನಮಗೊಂದು ಪಾಠವಾಯಿತು. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಪರೀಕ್ಷೆ ಇದೆ, ಅಧ್ಯಯನವಿದೆ, ಚಿಕಿತ್ಸೆ ಇದೆ, ನೋಡಿಕೊಳ್ಳುವವರಿಗೆ ತರಬೇತಿ ಇದೆ. ‘ನಿಮಗೆ ಏನು ಬೇಕು, ಅದು ಹೇಗಿರಬೇಕು’ ಎಂದು ಕಾಯಿಲೆ ಇದ್ದವರನ್ನೇ ಕೂರಿಸಿ ಕೇಳುವ ಸಾಲು ಅದರಲ್ಲಿಲ್ಲ.

ದೂರದ ಮಾತುಕತೆ ನಮಗೆ ಹೊಸದೂ ಅಲ್ಲ. ಮೈಸೂರಿನ ಹಜಾರದಲ್ಲಿ ಕೂತ ಅಜ್ಜಿ, ಕ್ಯಾಲಿಫೋರ್ನಿಯಾದ ಮೊಮ್ಮಗಳು ಪರದೆಯಲ್ಲಿ ಸೇರುವುದು ದಿನದ ಸಂಗತಿ. ಮೊಮ್ಮಗಳಿಗೆ ಗೊತ್ತಿದೆ, ಅಜ್ಜಿಗೆ ಹೆಸರು ನೆನಪಾಗದಿದ್ದರೆ ‘ನಾನು ಯಾರು ಹೇಳಿ’ ಎಂದು ಪರೀಕ್ಷೆ ಮಾಡಬಾರದು, ಹಾಡು ಶುರುಮಾಡಿದರೆ ಅಜ್ಜಿ ಮುಂದುವರಿಸುತ್ತಾರೆ. ನಮ್ಮ ಮನೆಗಳಲ್ಲಿ ಇಂಥ ತಿಳಿವಳಿಕೆ ಧಾರಾಳವಾಗಿದೆ. ಅದು ವಿನ್ಯಾಸಕಾರರ ತನಕ ತಲುಪಿಲ್ಲ. ಹಾಗಾಗಿಯೇ ಹಿರಿಯರಿಗೆಂದು ಬರುವ ಆ್ಯಪ್‌ಗಳೂ ಒಟಿಪಿ ಬಂದ ಮೂವತ್ತು ಸೆಕೆಂಡಿನಲ್ಲಿ ಆರು ಅಂಕಿ ನೆನಪಿಟ್ಟು ಟೈಪ್ ಮಾಡಲು ಹೇಳುತ್ತವೆ, ಪ್ರತಿ ಅಪ್‌ಡೇಟಿಗೆ ಗುಂಡಿಗಳ ಜಾಗ ಬದಲಿಸುತ್ತವೆ. ಓದುಬರಹ ಬಾರದ ಅಜ್ಜಿಗೆ ಕನ್ನಡ ಲಿಪಿಯೂ ಪರಕೀಯ, ಧ್ವನಿಯೊಂದೇ ಅವರದು. ಆ ಧ್ವನಿಯೂ ಪುಸ್ತಕದ ಕನ್ನಡದಲ್ಲಿ ಮಾತಾಡಿದರೆ ಕಲಬುರಗಿಯ ಅಜ್ಜಿ ಅದನ್ನು ತನ್ನದೆನ್ನುವುದಿಲ್ಲ.

ಮುಂದಿನ ದಾರಿ ದುಬಾರಿಯದಲ್ಲ. ಮರೆವಿನ ಕಾಯಿಲೆಯವರಿಗಾಗಿ ಕನ್ನಡದಲ್ಲಿ ಯಾವುದೇ ಸಾಧನ, ಆ್ಯಪ್, ಸಹಾಯವಾಣಿ ರೂಪಿಸುವಾಗ ಅವರನ್ನು ಮೊದಲ ದಿನದಿಂದ ಕೂರಿಸಿಕೊಳ್ಳಬೇಕು. ಎಲ್ಲ ಸಿದ್ಧವಾದ ಮೇಲೆ ತೋರಿಸಿ ಹೂಂ ಅನ್ನಿಸಿಕೊಳ್ಳುವುದು ಬೇಡ. ಯೋಜನೆಯ ಲೆಕ್ಕಪತ್ರದಲ್ಲೇ ಅಂಚೆ ಲಕೋಟೆಗೆ, ಎರವಲು ಫೋನಿಗೆ, ಡೇಟಾಕ್ಕೆ, ಮನೆಗೆ ಹೋಗಿ ಪಕ್ಕದಲ್ಲಿ ಕೂರುವ ಒಬ್ಬ ಸಹಾಯಕರಿಗೆ ಹಣ ತೆಗೆದಿಡಬೇಕು. ಹಳ್ಳಿಗಳಲ್ಲಿ ಆ ಸಹಾಯಕರು ಆಶಾ ಕಾರ್ಯಕರ್ತೆಯಾಗಬಹುದು, ಅವರಿಗೂ ದುಡಿಮೆಯ ಬೆಲೆ ಸಿಗಬೇಕು. ಬಂದು ಹೇಳಿಕೊಟ್ಟ ಹಿರಿಯರಿಗೆ ಗೌರವಧನ ಕೊಡಬೇಕು, ಅವರ ಕೊಡುಗೆಯನ್ನು ವರದಿಯಲ್ಲಿ ಅವರು ಒಪ್ಪುವ ರೀತಿಯಲ್ಲಿ ನಮೂದಿಸಬೇಕು. ಮನೆಯವರ ಮಾತು, ಹಿರಿಯರ ಮಾತು ಎರಡು ಬೇರೆ ಕಾಲಂಗಳಲ್ಲಿ ಇರಬೇಕು. ಅನುದಾನ ಮುಗಿದ ದಿನವೇ ಫೋನು ನಿಲ್ಲಿಸದೆ, ‘ನೀವು ಹೇಳಿದ್ದು ಹೀಗಾಯಿತು ನೋಡಿ’ ಎಂದು ಆದ ವಸ್ತುವನ್ನು ಕೈಗಿಡಬೇಕು.

ಇಷ್ಟೆಲ್ಲ ಮಾಡಿ ಏನು ಬಂತು, ಬೆಳಗಿನ ಸಭೆ ಅವರಿಗೆ ಸಂಜೆಗೆ ನೆನಪಿರುವುದಿಲ್ಲವಲ್ಲ ಎಂದು ಕೇಳುವವರಿದ್ದಾರೆ. ನೆನಪು ಬೇರೆ, ಇಷ್ಟಾನಿಷ್ಟ ಬೇರೆ. ಉಪ್ಪಿಟ್ಟು ತಿಂದದ್ದು ಮರೆತ ಅಜ್ಜನಿಗೂ ಅದರಲ್ಲಿ ಈರುಳ್ಳಿ ಬೇಡವೆಂಬುದು ಗೊತ್ತು. ನಮಗೆ ಬೇಕಾದದ್ದು ಆ ತಿಳಿವು. ಸಭೆ ನಡೆದದ್ದನ್ನು ನೆನಪಿಡುವ ಹೊಣೆ ನಮ್ಮದು. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಅವರನ್ನು ಸುಮ್ಮನೆ ಕೂರಿಸಿ ಫೋಟೊ ತೆಗೆದುಕೊಳ್ಳುವ ಕಾಲ ಮುಗಿಯಬೇಕು.

ಸ್ಕಾಟ್ಲೆಂಡಿನಲ್ಲಿ ವಿನ್ಯಾಸ ಪ್ರಾಧ್ಯಾಪಕ ಪಾಲ್ ರಾಜರ್ಸ್ ಅಲ್ಝೈಮರ್ ಸ್ಕಾಟ್ಲೆಂಡ್ ಸಂಸ್ಥೆಯೊಡನೆ ನಡೆಸಿದ ಕಮ್ಮಟಗಳಲ್ಲಿ ಮರೆವಿನ ಕಾಯಿಲೆ ಇರುವವರು ಟಾರ್ಟನ್ ಬಟ್ಟೆ ವಿನ್ಯಾಸ ಮಾಡಿದರು. ಟಾರ್ಟನ್ ಎಂದರೆ ಅಲ್ಲಿನ ಮನೆತನಗಳ ಗುರುತಾದ ಚೌಕಳಿ ಬಟ್ಟೆ, ಬಣ್ಣದ ಗೆರೆಗಳು ಹಾಸಿನಲ್ಲೂ ಹೊಕ್ಕಿನಲ್ಲೂ ಸೇರಿ ಮೂಡುವಂಥದು. ಅವರ ವಿನ್ಯಾಸವೇ ಸಂಸ್ಥೆಯ ಟಾರ್ಟನ್ ಆಗಿ ಮಗ್ಗ ಏರಿತು. ಆ ಬಣ್ಣಗಳನ್ನು ಆರಿಸಿದ ದಿನ ಅವರಲ್ಲಿ ಎಷ್ಟೋ ಮಂದಿಗೆ ಈಗ ನೆನಪಿರಲಿಕ್ಕಿಲ್ಲ. ಗೆರೆಗಳು ಮಾತ್ರ ಅವರು ಇಟ್ಟಲ್ಲೇ ಇವೆ.